ಫಿಲ್ಲಿಂಗಾ, ರೂಟ್ ಕೆನಾಲಾ, ಕೀಳಿಸೋದಾ? ಹಲ್ಲಿನ ಟ್ರೀಟ್‌ಮೆಂಟ್‌ಗೆ ಹೋಗೋ ಮುಂಚೆ ತಿಳ್ಕೋಬೇಕಾದ್ದು

ಹಲ್ಲಿನ ಟ್ರೀಟ್‌ಮೆಂಟ್‌ಗಳ ಹೆಸರು ಎಲ್ರಿಗೂ ಗೊತ್ತು, ಫಿಲ್ಲಿಂಗು, ರೂಟ್ ಕೆನಾಲು, ಕ್ಯಾಪು, ಇಂಪ್ಲಾಂಟು, ಆದ್ರೆ ನನ್ನ ಹಲ್ಲಿಗೆ ಇದೇ ಯಾಕೆ ಬೇಕು, ಇದಕ್ಕಿಂತ ಚಿಕ್ಕದ್ರಲ್ಲಿ ಮುಗಿಯಲ್ವಾ ಅಂತ ಕೇಳಿದ್ರೆ ತುಂಬ ಜನಕ್ಕೆ ಗೊತ್ತಿರಲ್ಲ. ಕುರ್ಚಿ ಮೇಲೆ ಬಾಯಿ ತೆರ್ಕೊಂಡು ಮಲಗಿದ್ಮೇಲೆ ಕೇಳೋಕೂ ಆಗಲ್ಲ, ಡಾಕ್ಟ್ರು ಹೇಳಿದ್ದಕ್ಕೆಲ್ಲ ಹೂಂ ಅಂದ್ಬಿಡ್ತೀವಿ. ಅದಕ್ಕೇ ಹೋಗೋಕ್ಕೆ ಮುಂಚೇನೇ ತಿಳ್ಕೊಂಡಿರ್ಲಿ ಅಂತ ಇದನ್ನ ಬರೀತಿದೀನಿ. ಪೂರ್ತಿ ಓದೋಕೆ ಟೈಮ್ ಇಲ್ಲ ಅಂದ್ರೆ ಒಂದೇ ಒಂದು ಪ್ರಶ್ನೆ ನೆನಪಿಟ್ಕೊಳ್ಳಿ: "ಡಾಕ್ಟ್ರೇ, ಈ ಹಲ್ಲಲ್ಲಿ ಗಟ್ಟಿ ಭಾಗ ಎಷ್ಟು ಉಳ್ದಿದೆ?" ಯಾವ ಟ್ರೀಟ್‌ಮೆಂಟ್ ಅನ್ನೋದು ಮುಕ್ಕಾಲು ಪಾಲು ಇದ್ರ ಮೇಲೇನೇ ನಿಂತಿರತ್ತೆ. ಒಂದ್ಸಲ ಕೊರೆದು ತೆಗೆದ ಹಲ್ಲು ವಾಪಸ್ ಬೆಳೆಯಲ್ಲ, ಹಲ್ಲಿನ ಹೊರಪದರ ಎನಾಮೆಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು ನಿಜ, ಆದ್ರೆ ಅದ್ರೊಳಗೆ ಜೀವಕೋಶ ಇಲ್ಲ, ಮೂಳೆ ಮುರಿದ್ರೆ ಕೂಡ್ಕೊಂಡ ಹಾಗೆ ಅದು ಕೂಡ್ಕೊಳ್ಳಲ್ಲ.

ಮೊದಲು ನೋವನ್ನ ಗಮನಿಸಿ

ಹಲ್ಲಿಗೆ ಮೂರು ಪದರ. ಹೊರಗಡೆ ಎನಾಮೆಲ್, ಅದರೊಳಗೆ ಸ್ವಲ್ಪ ಹಳದಿ ಬಣ್ಣದ ಡೆಂಟಿನ್, ನಡುವೆ ನರ ಮತ್ತೆ ರಕ್ತನಾಳ ಇರೋ ಪಲ್ಪ್. ಹುಳುಕು ಯಾವ ಪದರದ ತನಕ ಹೋಗಿದೆ ಅನ್ನೋದು ನೋವಿನ ರೀತಿಯಲ್ಲೇ ಸುಮಾರಾಗಿ ಗೊತ್ತಾಗತ್ತೆ.

ಎನಾಮೆಲ್‌ನಲ್ಲೇ ಇದ್ದಾಗ ನೋವೇ ಇರಲ್ಲ, ಸುಣ್ಣದ ಹಾಗೆ ಬೆಳ್ಳಗಿನ ಮಚ್ಚೆ ಕಾಣ್ಬಹುದು ಅಷ್ಟೆ, ಗುಂಡಿ ಬಿದ್ದಿಲ್ಲ ಅಂದ್ರೆ ಈ ಹಂತದಲ್ಲಿ ಕೊರೆಯೋದೇ ಬೇಡ, ಫ್ಲೋರೈಡ್ ಹಚ್ಚಿ, ಸಿಹಿ ತಿನ್ನೋದು ಕಮ್ಮಿ ಮಾಡಿ, ಸರಿಯಾಗಿ ಉಜ್ಜಿದ್ರೆ ನಿಲ್ಲಿಸ್ಬಹುದು. ಡೆಂಟಿನ್ ಮುಟ್ಟಿದಾಗ ತಣ್ಣೀರು, ಸಿಹಿ ತಾಗಿದ್ರೆ ಜುಮ್ ಅನ್ನತ್ತೆ, ತಾಗಿದ್ದನ್ನ ತೆಗೆದ್ರೆ ಒಂದೆರಡು ಸೆಕೆಂಡಲ್ಲಿ ಹೋಗ್ಬಿಡತ್ತೆ, ಇಲ್ಲಿ ಸಾಮಾನ್ಯವಾಗಿ ಫಿಲ್ಲಿಂಗ್ ಸಾಕು. ಆದ್ರೆ ತಣ್ಣಗಿಂದೋ ಬಿಸೀದೋ ತಾಗಿ ಹೋದ್ಮೇಲೂ ನೋವು ನಿಮಿಷಗಟ್ಲೆ ಉಳಿತಿದೆ, ರಾತ್ರಿ ಮಲಗಿದ್ರೆ ತಾನಾಗೇ ಸಿಡಿಯತ್ತೆ, ನಿದ್ದೆಯಿಂದ ಎಬ್ಬಿಸತ್ತೆ ಅಂದ್ರೆ ಒಳಗಿನ ನರ ಊದ್ಕೊಂಡಿದೆ ಅಂತ. ಸುತ್ತ ಗಟ್ಟಿ ಗೋಡೆ ಇರೋದ್ರಿಂದ ಊತಕ್ಕೆ ಹೋಗೋಕೆ ಜಾಗ ಇಲ್ಲ, ಅದಕ್ಕೇ ಅಷ್ಟು ನೋವು. ಇಲ್ಲಿ ಹೆಚ್ಚಾಗಿ ರೂಟ್ ಕೆನಾಲ್, ಇಲ್ಲಾಂದ್ರೆ ಕೀಳೋದು.

ಇದಾದ್ಮೇಲೆ ಒಂದು ಹಂತ ಇದೆ, ಅಲ್ಲೇ ತುಂಬ ಜನ ಮೋಸ ಹೋಗೋದು. ಎರಡು ಮೂರು ವಾರ ಒದ್ದಾಡ್ಸಿದ ನೋವು ಒಂದಿನ ಇದ್ದಕ್ಕಿದ್ದ ಹಾಗೆ ನಿಂತ್ಹೋಗತ್ತೆ. ಸದ್ಯ ವಾಸಿ ಆಯ್ತು ಅಂತ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ತಾರೆ. ವಾಸಿ ಆಗಿರಲ್ಲ, ನರ ಸತ್ತಿರತ್ತೆ, ಸೋಂಕು ಸದ್ದಿಲ್ದೆ ಬೇರಿನ ತುದಿಯಿಂದ ಮೂಳೆಗೆ ಇಳೀತಿರತ್ತೆ, ಕೆಲವು ತಿಂಗಳಾದ್ಮೇಲೆ ಒಸಡಿನ ಮೇಲೆ ಚಿಕ್ಕ ಗುಳ್ಳೆ ಆಗಿ ಕೀವು ಬರತ್ತೆ. ನೋವು ತಾನಾಗೇ ಹೋಯ್ತು ಅಂದ್ರೆ ಆವಾಗ್ಲೂ ಒಂದು ಎಕ್ಸ್‌ರೇ ತೆಗೆಸ್ಲೇಬೇಕು, ದಯವಿಟ್ಟು ಇದನ್ನ ತಳ್ಳಿಹಾಕ್ಬೇಡಿ.

ಆ್ಯಂಟಿಬಯಾಟಿಕ್ ವಿಷಯಾನೂ ಇಲ್ಲೇ ಹೇಳ್ಬಿಡ್ತೀನಿ. ಹಲ್ಲು ನೋವು ಅಂದ್ತಕ್ಷಣ ಮೆಡಿಕಲ್ ಶಾಪಿಂದ ಆ್ಯಂಟಿಬಯಾಟಿಕ್ ತಂದು ನುಂಗೋದು ಟ್ರೀಟ್‌ಮೆಂಟ್ ಅಲ್ಲ. ಸತ್ತ ನರದೊಳಕ್ಕೆ ರಕ್ತಾನೇ ಹೋಗಲ್ಲ, ರಕ್ತದಲ್ಲಿರೋ ಮಾತ್ರೆ ಅಲ್ಲಿಗೆ ಹೇಗೆ ತಲುಪತ್ತೆ? ಜ್ವರ ಬಂದಿದೆ, ಮುಖಕ್ಕೆ ಊತ ಹರಡಿದೆ ಅಂದಾಗ ಡಾಕ್ಟ್ರೇ ಬರ್ಕೊಡ್ತಾರೆ, ಅದೂ ಒಳಗಿನ ಸೋಂಕು ತೆಗೆಯೋ ಕೆಲಸದ ಜೊತೆಗೆ. ಇನ್ನೊಂದು, ಆಸ್ಪಿರಿನ್ ಮಾತ್ರೇನ ಪುಡಿ ಮಾಡಿ ನೋವಿರೋ ಕಡೆ ಒತ್ತಿಟ್ಕೊಳ್ಳೋರು ಇದಾರೆ, ಅದ್ರಿಂದ ಒಸಡು ಸುಟ್ಟು ಬೆಳ್ಳಗಾಗತ್ತೆ, ಹಲ್ಲು ನೋವು ಇದ್ದಲ್ಲೇ ಇರತ್ತೆ.

ಕುರ್ಚಿ ಮೇಲೆ ಕೂರೋ ಮುಂಚೆ ಹೇಳ್ಲೇಬೇಕಾದ್ದು

ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಹೇಳಿ, ಆದ್ರೆ ನೀವೇ ಹೋಗಿ ಅದನ್ನ ನಿಲ್ಲಿಸ್ಬೇಡಿ, ಒಂದು ಹಲ್ಲು ಕೀಳೋಕೆ ಸಾಮಾನ್ಯವಾಗಿ ನಿಲ್ಲಿಸೋ ಅಗತ್ಯಾನೇ ಬರಲ್ಲ, ರಕ್ತ ನಿಲ್ಸೋಕೆ ಬೇರೆ ದಾರಿ ಇದಾವೆ, ನಿಲ್ಲಿಸಿದ್ರೆ ಹೃದಯಕ್ಕೋ ಮೆದುಳಿಗೋ ಆಗೋ ಅಪಾಯ ಅದಕ್ಕಿಂತ ದೊಡ್ಡದು. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರ್‌ಗೆ ಅಂತ ಬಿಸ್‌ಫಾಸ್ಫೊನೇಟ್ ತರದ ಮಾತ್ರೆ, ಇಂಜೆಕ್ಷನ್ ತಗೊಂಡಿದ್ರೆ ಅದನ್ನ ಮರೀಬೇಡಿ, ಇದಕ್ಕೂ ಹಲ್ಲಿಗೂ ಸಂಬಂಧ ಇದೆ ಅಂತ ಯಾರೂ ಅಂದ್ಕೊಳ್ಳಲ್ಲ, ಆದ್ರೆ ಅಂಥವರಿಗೆ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯ್ದೇ ಉಳ್ಕೊಳ್ಳೋ ಅಪಾಯ ಇರತ್ತೆ. ಶುಗರ್, ಬಿಪಿ, ಹೃದಯಕ್ಕೆ ಕೃತಕ ಕವಾಟ ಹಾಕಿರೋದು, ಪೆನಿಸಿಲಿನ್ ಅಲರ್ಜಿ, ಗರ್ಭಿಣಿ ಆಗಿರೋದು, ಎಲ್ಲಾನೂ ಹೇಳಿ. ಗರ್ಭಿಣಿಯರು ಹಲ್ಲಿನ ಟ್ರೀಟ್‌ಮೆಂಟೇ ಮಾಡಿಸ್ಬಾರ್ದು ಅನ್ನೋದು ತಪ್ಪು ನಂಬಿಕೆ, ನಾಲ್ಕರಿಂದ ಆರನೇ ತಿಂಗಳು ಕುರ್ಚಿ ಮೇಲೆ ಮಲಗೋಕೂ ಅನುಕೂಲ, ಸೋಂಕು ಇದ್ರಂತೂ ಯಾವ ತಿಂಗಳಾದ್ರೂ ಕಾಯೋ ಹಾಗಿಲ್ಲ.

ಮರಗಟ್ಟಿಸೋ ಇಂಜೆಕ್ಷನ್ ಬಗ್ಗೆ ಭಯ ಇರೋರಿಗೆ ಒಂದು ಮಾತು. ಸಾಮಾನ್ಯವಾಗಿ ಕೊಡೋದು ಲಿಡೊಕೇನ್, ಇದನ್ನ 1943ರಲ್ಲಿ ಕಂಡುಹಿಡಿದ್ರು, ಇವತ್ತಿಗೂ ಜಗತ್ತಿನಾದ್ಯಂತ ಇದೇ ಓಡ್ತಿದೆ. ಅದ್ರ ಜೊತೆ ಸೇರಿಸೋ ಅಡ್ರಿನಲಿನ್‌ನಿಂದ ಎದೆ ಒಂದೆರಡು ನಿಮಿಷ ಡವಡವ ಅನ್ಬಹುದು, ಗಾಬರಿ ಬೇಡ. ಜಾಸ್ತಿ ಕೀವು ತುಂಬಿರೋ ಜಾಗದಲ್ಲಿ ಆಮ್ಲೀಯತೆ ಹೆಚ್ಚಿರೋದ್ರಿಂದ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ, ಆಗ ಡಾಕ್ಟ್ರು ಇನ್ನೊಂದು ಕಡೆಯಿಂದ ಕೊಡ್ತಾರೆ ಅಥವಾ ಮೊದಲು ಕೀವು ಹೊರಗೆ ಬಿಡ್ತಾರೆ. ನೋವಾದ್ರೆ ಸಹಿಸ್ಕೊಂಡು ಮಲಗಿರ್ಬೇಡಿ, ಶುರು ಮಾಡೋ ಮುಂಚೇನೇ "ನೋವಾದ್ರೆ ಎಡಗೈ ಎತ್ತುತೀನಿ, ನಿಲ್ಸಿ" ಅಂತ ಹೇಳಿಟ್ಟಿರಿ.

ಫಿಲ್ಲಿಂಗ್

ಈಗ ಹೆಚ್ಚಾಗಿ ಹಾಕೋದು ಹಲ್ಲಿನ ಬಣ್ಣದ ಕಾಂಪೊಸಿಟ್. ಹುಳುಕು ತೆಗೆದ್ಮೇಲೆ ಒಂದು ಜೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೀತಾರೆ, ಅದು ಆ್ಯಸಿಡ್, ಮೇಲ್ಮೈನ ಕಣ್ಣಿಗೆ ಕಾಣದಷ್ಟು ಒರಟು ಮಾಡತ್ತೆ, ಆಮೇಲೆ ಅಂಟು, ಆಮೇಲೆ ಕಾಂಪೊಸಿಟ್‌ನ ಸುಮಾರು 2 ಮಿಲಿಮೀಟರ್ ದಪ್ಪದ ಪದರ ಪದರವಾಗಿ ಇಟ್ಟು ಒಂದೊಂದಕ್ಕೂ ನೀಲಿ ಲೈಟ್ ಹಿಡೀತಾರೆ. ಒಂದೇ ಸಲ ತುಂಬಿಬಿಟ್ರೆ ಲೈಟ್ ತಳದ ತನಕ ಹೋಗಲ್ಲ, ಕೆಳಗೆ ಮೆತ್ತಗೇ ಉಳಿಯತ್ತೆ, ಅದಕ್ಕೇ ಟೈಮ್ ತಗೊಳ್ಳೋದು. ಈ ಕೆಲಸಕ್ಕೆ ಜಾಗ ಒಣಗಿರ್ಲೇಬೇಕು, ಎಂಜಲು ತಾಗಿದ್ರೆ ಅಂಟು ಹಿಡಿಯಲ್ಲ.

ಕೊನೇಲಿ ನೀಲಿ ಅಥವಾ ಕೆಂಪು ಬಣ್ಣದ ತೆಳು ಪೇಪರ್ ಇಟ್ಟು ಕಚ್ಚಿ ಅಂತಾರೆ. ಇದನ್ನ ಕಾಟಾಚಾರಕ್ಕೆ ಮಾಡಿಸ್ಕೋಬೇಡಿ. ಬಾಯಿ ಮರಗಟ್ಟಿರತ್ತೆ, ಎಲ್ಲಿ ಕಚ್ತಿದೀವಿ ಅಂತ ನಮಗೇ ಗೊತ್ತಾಗಲ್ಲ, ಬೇಗ ಮುಗಿಲಿ ಅಂತ ಸರಿ ಇದೆ ಸರಿ ಇದೆ ಅಂದ್ಬಿಡ್ತೀವಿ, ಮನೆಗೆ ಬಂದು ಮರಗಟ್ಟಿದ್ದು ಬಿಟ್ಮೇಲೆ ಆ ಹಲ್ಲೇ ಎಲ್ಲಕ್ಕಿಂತ ಮುಂಚೆ ತಾಗೋಕೆ ಶುರು ಆಗತ್ತೆ. ಕೂದಲೆಳೆಯಷ್ಟು ಎತ್ತರ ಜಾಸ್ತಿ ಇದ್ರೂ ಅಗಿದಾಗೆಲ್ಲ ಆ ಹಲ್ಲಿಗೆ ಹೊಡೆತ ಬಿದ್ದು ನೋವು ಬರತ್ತೆ. ಹಾಗನ್ನಿಸಿದ್ರೆ ಮಾರನೇ ದಿನಾನೇ ಹೋಗಿ ತಿಕ್ಕಿಸ್ಕೊಂಡು ಬನ್ನಿ, ಐದು ನಿಮಿಷದ ಕೆಲಸ, ಅಭ್ಯಾಸ ಆಗತ್ತೆ ಅಂತ ಬಿಡ್ಬೇಡಿ. ತಣ್ಣಗಿಂದಕ್ಕೆ ಸ್ವಲ್ಪ ಜುಮ್ಮನ್ನೋದು ಒಂದೆರಡು ವಾರ ಇರ್ಬಹುದು, ಅದು ದಿನಾ ಕಮ್ಮಿ ಆಗ್ತಾ ಬರ್ಬೇಕು.

ಗ್ಲಾಸ್ ಅಯನೊಮರ್ ಅಂತ ಇನ್ನೊಂದಿದೆ, ಅಷ್ಟು ಗಟ್ಟಿ ಅಲ್ಲ, ಆದ್ರೆ ಫ್ಲೋರೈಡ್ ಬಿಡ್ತಾ ಇರತ್ತೆ, ಚಿಕ್ಕ ಮಕ್ಕಳ ಹಲ್ಲಿಗೆ, ಒಸಡಿನ ಹತ್ರ ಬೇರು ಸವೆದಿರೋ ಕಡೆಗೆ ಒಳ್ಳೇದು. ಬೆಳ್ಳಿ ಬಣ್ಣದ ಅಮಾಲ್ಗಮ್‌ನಲ್ಲಿ ಸುಮಾರು ಅರ್ಧ ಪಾದರಸಾನೇ ಇರತ್ತೆ, ಯುರೋಪಿಯನ್ ಯೂನಿಯನ್‌ನಲ್ಲಿ 2025ರ ಜನವರಿ 1ರಿಂದ ವೈದ್ಯಕೀಯವಾಗಿ ಬೇಕೇ ಬೇಕು ಅನ್ನೋ ಸಂದರ್ಭ ಬಿಟ್ರೆ ನಿಲ್ಲಿಸಿದಾರೆ. ಹಾಗಂತ ಬಾಯಲ್ಲಿ ಮೊದ್ಲಿಂದ ಗಟ್ಟಿಯಾಗಿ ಕೂತಿರೋ ಅಮಾಲ್ಗಮ್‌ನ ಹೆದರ್ಕೊಂಡು ತೆಗೆಸೋಕೆ ಹೋಗ್ಬೇಡಿ, ತೆಗೆಯುವಾಗ್ಲೇ ಪಾದರಸದ ಆವಿ ಜಾಸ್ತಿ ಬರೋದು, ಜೊತೆಗೆ ಒಳ್ಳೆ ಹಲ್ಲೂ ಒಂದಿಷ್ಟು ಹೋಗತ್ತೆ.

ಗುಂಡಿ ತುಂಬ ಅಗಲ ಆಗಿ ದವಡೆ ಹಲ್ಲಿನ ಮೂಲೆಗಳು ಹೋಗಿದ್ರೆ ಬರೀ ಫಿಲ್ಲಿಂಗ್ ನಿಲ್ಲಲ್ಲ, ಉಳಿದ ಗೋಡೆ ಅಗಿಯುವಾಗ ಸೀಳಿ ಹೋಗ್ಬಹುದು. ಆಗ ಎರಡು ದಾರಿ. ಒಂದು ಆನ್‌ಲೇ, ಅಂದ್ರೆ ಹೋದ ಭಾಗವನ್ನಷ್ಟೇ ಲ್ಯಾಬ್‌ನಲ್ಲಿ ಮಾಡಿಸಿ ಅಂಟಿಸೋದು. ಇನ್ನೊಂದು ಕ್ಯಾಪ್, ಅಂದ್ರೆ ಇಡೀ ಹಲ್ಲಿಗೆ ಟೋಪಿ ತರ ಹಾಕೋ ಹೊದಿಕೆ, ಇದಕ್ಕೆ ಹಲ್ಲನ್ನ ಸುತ್ತಲೂ ಮೇಲೂ ಸುಮಾರು 1ರಿಂದ 2 ಮಿಲಿಮೀಟರ್ ತಿಕ್ಕಿ ಸಣ್ಣ ಮಾಡ್ಬೇಕು. ಆನ್‌ಲೇ ಸಾಧ್ಯ ಇರೋ ಕಡೆ ಕ್ಯಾಪ್ ಹೇಳಿದ್ರೆ ಯಾಕೆ ಅಂತ ಖಂಡಿತ ಕೇಳಿ. ಕೇಳೋದು ಅವಮರ್ಯಾದೆ ಅಲ್ಲ, ಒಳ್ಳೆ ಡಾಕ್ಟ್ರು ಎಕ್ಸ್‌ರೇ ತೋರಿಸಿ ಹೇಳ್ತಾರೆ.

ರೂಟ್ ಕೆನಾಲ್, ಹಂತ ಹಂತವಾಗಿ

ಇದ್ರ ಬಗ್ಗೆ ಇರೋವಷ್ಟು ಹೆದರಿಕೆ ಇನ್ಯಾವುದರ ಬಗ್ಗೆನೂ ಇಲ್ಲ. ನಿಜ ಹೇಳ್ಬೇಕು ಅಂದ್ರೆ ಜನ ನೆನಪಿಟ್ಕೊಂಡಿರೋದು ರೂಟ್ ಕೆನಾಲಿಗೆ ಮುಂಚಿನ ರಾತ್ರಿಯ ನೋವನ್ನ, ಟ್ರೀಟ್‌ಮೆಂಟ್ ಆ ನೋವು ತೆಗೆಯೋಕೆ ಇರೋದು.

ಮರಗಟ್ಟಿಸಿದ್ಮೇಲೆ ಆ ಒಂದು ಹಲ್ಲು ಮಾತ್ರ ಹೊರಗೆ ಕಾಣೋ ಹಾಗೆ ತೆಳು ರಬ್ಬರ್ ಹಾಳೆ ಕಟ್ತಾರೆ, ಇದಕ್ಕೆ ರಬ್ಬರ್ ಡ್ಯಾಮ್ ಅಂತಾರೆ. ಇದು ಬಹಳ ಮುಖ್ಯ. ಎಂಜಲಲ್ಲಿರೋ ಬ್ಯಾಕ್ಟೀರಿಯ ಒಳಗೆ ಹೋಗಲ್ಲ, ಒಳಗೆ ಕೆರೆಯೋಕೆ ಬಳಸೋ ಸೂಜಿಯಂಥ ಚಿಕ್ಕ ಚಿಕ್ಕ ಫೈಲು ಕೈಜಾರಿ ಗಂಟಲಿಗೆ ಬೀಳಲ್ಲ, ಒಳಗೆ ತೊಳೆಯೋ ದ್ರಾವಣ ಬಾಯಿಗೆ ಬರಲ್ಲ. ಆ ದ್ರಾವಣ ಸೋಡಿಯಂ ಹೈಪೊಕ್ಲೋರೈಟ್, ಬಟ್ಟೆಗೆ ಹಾಕೋ ಬ್ಲೀಚ್‌ನಲ್ಲಿರೋದೇ, ವಾಸನೆಯಿಂದ್ಲೇ ಗೊತ್ತಾಗತ್ತೆ. ರಬ್ಬರ್ ಡ್ಯಾಮ್ ಹಾಕ್ತೀರಾ ಅಂತ ಮುಂಚೇನೇ ಕೇಳಿ, ಡಾಕ್ಟರನ್ನ ಆರಿಸ್ಕೊಳ್ಳೋಕೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ.

ಆಮೇಲೆ ಹಲ್ಲಿನ ಮೇಲಿಂದ ಸಣ್ಣ ಕಿಂಡಿ ಕೊರೆದು ಒಳಗಿನ ಪಲ್ಪ್ ತೆಗೀತಾರೆ. ಪ್ರತಿ ಬೇರಿನಲ್ಲೂ ಕೂದಲಿನಷ್ಟು ಸಣ್ಣ ಕಾಲುವೆ ಇರತ್ತೆ, ಮುಂದಿನ ಹಲ್ಲಿಗೆ ಹೆಚ್ಚಾಗಿ ಒಂದೇ, ದವಡೆ ಹಲ್ಲಿಗೆ ಮೂರೋ ನಾಲ್ಕೋ. ಮೇಲಿನ ಮೊದಲ ದವಡೆ ಹಲ್ಲಿನ ನಾಲ್ಕನೇ ಕಾಲುವೆ ಹುಡುಕೋದು ಕಷ್ಟ, ಅದು ಬಿಟ್ಟುಹೋದ್ರೆ ಟ್ರೀಟ್‌ಮೆಂಟ್ ಮುಗಿದು ವರ್ಷ ಆದ್ಮೇಲೆ ಮತ್ತೆ ಸೋಂಕು ಆಗೋದುಂಟು, ಅದಕ್ಕೇ ಇಂಥ ಹಲ್ಲಿಗೆ ಮೈಕ್ರೋಸ್ಕೋಪ್ ಇಟ್ಕೊಂಡು ಮಾಡೋ ರೂಟ್ ಕೆನಾಲ್ ಸ್ಪೆಷಲಿಸ್ಟ್ ಹತ್ರ ಹೋಗೋದು ವಾಸಿ. ಕಾಲುವೆ ಎಷ್ಟು ಉದ್ದ ಇದೆ ಅಂತ ನೋಡೋಕೆ ಬೀಪ್ ಬೀಪ್ ಅನ್ನೋ ಒಂದು ಚಿಕ್ಕ ಮಷೀನು ಇರತ್ತೆ, ಎಕ್ಸ್‌ರೇನೂ ತೆಗೀತಾರೆ, ಫೈಲು ಬೇರಿನ ತುದಿ ದಾಟ್ಬಾರ್ದು, ತೀರ ಮುಂಚೇನೂ ನಿಲ್ಬಾರ್ದು. ಫೈಲಿನಿಂದ ಕೆರೆಯೋದು, ದ್ರಾವಣದಿಂದ ತೊಳೆಯೋದು, ಮತ್ತೆ ಕೆರೆಯೋದು, ಹೀಗೆ ನಡೀತಾನೇ ಇರತ್ತೆ, ನಿಜವಾಗಿ ಸೋಂಕು ಕ್ಲೀನ್ ಮಾಡೋದು ತೊಳೆಯೋ ಕೆಲಸಾನೇ. ಒಣಗಿಸಿ ಗಟ್ಟಾಪರ್ಚಾ ತುಂಬ್ತಾರೆ, ಒಂದು ಜಾತಿ ಮರದ ಹಾಲಿಂದ ಬರೋ ರಬ್ಬರ್ ತರದ ವಸ್ತು ಅದು. ಸೋಂಕು ಕಮ್ಮಿ ಇದ್ರೆ ಒಂದೇ ಸಿಟ್ಟಿಂಗಲ್ಲಿ ಮುಗಿಯತ್ತೆ, ಕೀವು ಬರ್ತಿದ್ರೆ ಒಳಗೆ ಔಷಧಿ ಇಟ್ಟು ಒಂದೆರಡು ವಾರ ಬಿಟ್ಟು ಮತ್ತೆ ಕರೀತಾರೆ.

ಎರಡು ಮೂರು ದಿನ ಕಚ್ಚಿದಾಗ ನೋವಿರೋದು ಸಹಜ. ನೋವು ಹೋದ ತಕ್ಷಣ ಮುಂದಿನ ಅಪಾಯಿಂಟ್‌ಮೆಂಟ್‌ನ ಮರೆತ್ಬಿಡೋದು ದೊಡ್ಡ ತಪ್ಪು. ಟೆಂಪರರಿ ಫಿಲ್ಲಿಂಗ್ ಹೆಸರೇ ಹೇಳೋ ಹಾಗೆ ಕೆಲವೇ ವಾರಕ್ಕೆ, ಅದು ಸವೆದು ಎಂಜಲು ಒಳಗೆ ಇಳಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ದವಡೆ ಹಲ್ಲಿಗೆ ಕ್ಯಾಪ್ ಬೇಕೇ ಬೇಕು, ಯಾಕಂದ್ರೆ ಒಳಗಿಂದ ಅಷ್ಟು ತೆಗೆದಿರ್ತಾರೆ, ಅಗಿಯೋ ಭಾರಕ್ಕೆ ಹಲ್ಲು ಉದ್ದಕ್ಕೆ ಸೀಳಿದ್ರೆ ಆಮೇಲೆ ಕೀಳೋದು ಬಿಟ್ಟು ಬೇರೆ ದಾರಿ ಇಲ್ಲ. ಮುಂದಿನ ಹಲ್ಲು, ಹೆಚ್ಚು ಭಾಗ ಗಟ್ಟಿ ಉಳಿದಿದೆ ಅಂದ್ರೆ ಎಷ್ಟೋ ಸಲ ಬರೀ ಫಿಲ್ಲಿಂಗಲ್ಲೇ ನಿಲ್ಲಿಸ್ಬಹುದು.

ಕ್ಯಾಪ್ ನಿಲ್ಬೇಕು ಅಂದ್ರೆ ಒಸಡಿನ ಮೇಲೆ ಸುತ್ತಲೂ ಕನಿಷ್ಠ ಒಂದೂವರೆಯಿಂದ ಎರಡು ಮಿಲಿಮೀಟರ್ ಗಟ್ಟಿ ಹಲ್ಲು ಇರ್ಬೇಕು ಅಂತ ಡಾಕ್ಟ್ರುಗಳು ನೋಡ್ತಾರೆ. ಅದಿಲ್ಲಾಂದ್ರೆ ಒಸಡು, ಮೂಳೆ ಸ್ವಲ್ಪ ಕೆಳಗಿಳಿಸಿ ಹಲ್ಲು ಹೊರಗೆ ಕಾಣೋ ಹಾಗೆ ಮಾಡೋ ಚಿಕ್ಕ ಸರ್ಜರಿ ಇದೆ, ಕ್ರೌನ್ ಲೆಂಥನಿಂಗ್ ಅಂತ. ಕ್ಯಾಪ್‌ಗಳಲ್ಲಿ ಜಿರ್ಕೋನಿಯಾ ಹಿಂದಿನ ಹಲ್ಲಿಗೆ ಗಟ್ಟಿ, ಗಾಜಿನ ಜಾತಿಯ ಸೆರಾಮಿಕ್ ಮುಂದಿನ ಹಲ್ಲಿಗೆ ಚೆಂದ, ಒಳಗೆ ಲೋಹ ಮೇಲೆ ಸೆರಾಮಿಕ್ ಇರೋದು ಹಳೇ ನಂಬಿಕಸ್ತ ಬಗೆ, ಆದ್ರೆ ವರ್ಷ ಕಳೆದಂಗೆ ಒಸಡಿನ ಹತ್ರ ಕಪ್ಪು ಗೆರೆ ಕಾಣ್ಬಹುದು.

ರೂಟ್ ಕೆನಾಲ್ ಆದ್ಮೇಲೂ ಬೇರಿನ ತುದೀಲಿ ಸೋಂಕು ಉಳಿದ್ರೆ ಮೊದಲು ಅದನ್ನೇ ಬಿಚ್ಚಿ ಮತ್ತೆ ಮಾಡೋದನ್ನ ನೋಡ್ತಾರೆ, ಅದಾಗಲ್ಲ ಅಂದ್ರೆ ಒಸಡು ಬಿಡಿಸಿ ಬೇರಿನ ತುದಿ ಸುಮಾರು 3 ಮಿಲಿಮೀಟರ್ ಕತ್ತರಿಸಿ ಅಲ್ಲಿಂದ ಸೀಲ್ ಮಾಡ್ತಾರೆ. ಏಪಿಕೊಎಕ್ಟಮಿ ಅಂತ ಬಾಯಿ ತಿರುಗದ ಹೆಸರು, ಆದ್ರೆ ಹಲ್ಲು ಉಳಿಸೋಕೆ ಅದೂ ಒಂದು ದಾರಿ ಇದೆ ಅನ್ನೋದು ಗೊತ್ತಿರ್ಲಿ.

ಹಲ್ಲು ಕೀಳಿಸೋದು, ಅದ್ರಲ್ಲೂ ಬುದ್ಧಿ ಹಲ್ಲು

ಉದ್ದಕ್ಕೆ ಸೀಳಿರೋದು, ಒಸಡಿನ ಕೆಳಗಿನ ತನಕ ಕೊಳೆತಿರೋದು, ಮೂಳೆ ಕರಗಿ ಅಲ್ಲಾಡ್ತಿರೋದು, ಇಂಥ ಹಲ್ಲನ್ನ ಉಳಿಸೋಕೆ ಹೋಗೋದ್ರಲ್ಲಿ ಅರ್ಥ ಇಲ್ಲ. ಮಾಮೂಲಿ ಹಲ್ಲಾದ್ರೆ ಬೇರಿನ ಸುತ್ತ ಸಡಿಲ ಮಾಡಿ ಇಕ್ಕಳದಲ್ಲಿ ಹಿಡಿದು ತೆಗೀತಾರೆ, ಒತ್ತಡ ಗೊತ್ತಾಗತ್ತೆ, ಕಟಕಟ ಸದ್ದೂ ಕೇಳ್ಸತ್ತೆ, ಆದ್ರೆ ಚೂಪು ನೋವು ಆಗ್ಬಾರ್ದು.

ಬುದ್ಧಿ ಹಲ್ಲು ಸಾಮಾನ್ಯವಾಗಿ 17ರಿಂದ 25 ವಯಸ್ಸಿನಲ್ಲಿ ಬರತ್ತೆ, ಜಾಗ ಸಾಕಾಗ್ದೆ ಪಕ್ಕದ ಹಲ್ಲಿಗೆ ವಾಲ್ಕೊಂಡೋ ಅಡ್ಡ ಮಲಗಿಯೋ ಇರತ್ತೆ. ಅರ್ಧ ಹೊರಗೆ ಬಂದಿದ್ರೆ ಮೇಲಿನ ಒಸಡಿನ ಮಡಿಕೆ ಕೆಳಗೆ ತಿಂದಿದ್ದು ಸಿಕ್ಕಾಕೊಂಡು ಪದೇ ಪದೇ ಊದತ್ತೆ, ಬಾಯಿ ತೆಗೆಯೋಕಾಗಲ್ಲ. ಹೀಗೆ ಮತ್ತೆ ಮತ್ತೆ ಆಗ್ತಿದ್ರೆ, ಪಕ್ಕದ ಹಲ್ಲು ಕೊಳೀತಿದ್ರೆ ತೆಗೆಸಿ. ಏನೂ ತೊಂದ್ರೆ ಕೊಡ್ದೆ ಸುಮ್ನೆ ಕೂತಿರೋ ಬುದ್ಧಿ ಹಲ್ಲನ್ನ ಇದೆ ಅನ್ನೋ ಒಂದೇ ಕಾರಣಕ್ಕೆ ಕೀಳೋ ಅಗತ್ಯ ಇಲ್ಲ, ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2000ನೇ ಇಸವಿಯಿಂದ್ಲೇ ಇದನ್ನ ಹೇಳ್ತಿದೆ, ಆದ್ರೆ ಆಗಾಗ ಚೆಕಪ್ ಬೇಕು.

ಮೂಳೆಯೊಳಗೆ ಹೂತಿದ್ರೆ ಒಸಡು ಸೀಳಿ, ಸ್ವಲ್ಪ ಮೂಳೆ ತೆಗೆದು, ಹಲ್ಲನ್ನ ತುಂಡು ಮಾಡಿ ತೆಗೆದು ಹೊಲಿಗೆ ಹಾಕ್ತಾರೆ. ಕೆಳಗಿನ ಬುದ್ಧಿ ಹಲ್ಲಿನ ಬೇರಿನ ಹತ್ರಾನೇ ತುಟಿಗೆ, ಗದ್ದಕ್ಕೆ ಸ್ಪರ್ಶ ಕೊಡೋ ನರ ಹೋಗಿರತ್ತೆ, ಅದಕ್ಕೆ ಪೆಟ್ಟಾದ್ರೆ ತುಟಿ ಜೋಮು ಹಿಡಿದ ಹಾಗೆ ವಾರಗಳೋ ತಿಂಗಳುಗಳೋ ಇರತ್ತೆ, ಅಪರೂಪಕ್ಕೆ ಹಾಗೇ ಉಳಿಯತ್ತೆ. ಎಕ್ಸ್‌ರೇಲಿ ಬೇರು ನರಕ್ಕೆ ತಾಗಿದ ಹಾಗೆ ಕಂಡ್ರೆ ಸಿಬಿಸಿಟಿ ಅನ್ನೋ ಮೂರು ಆಯಾಮದ ಸ್ಕ್ಯಾನ್ ಮಾಡಿಸ್ತಾರೆ, ತೀರ ಹತ್ರ ಇದ್ರೆ ಬೇರು ಬಿಟ್ಟು ಮೇಲಿನ ಭಾಗ ಮಾತ್ರ ತೆಗೆಯೋ ಪದ್ಧತಿನೂ ಇದೆ.

ಕಿತ್ತ ಮೇಲಿನ ಮೊದಲ ಮೂರು ದಿನ ನೋಡ್ಕೊಂಡ್ರೆ ಮಿಕ್ಕಿದ್ದು ತಾನಾಗೇ ಮಾಯತ್ತೆ. ಇಟ್ಟ ಗಾಜ್ ಬಟ್ಟೆನ ಅರ್ಧದಿಂದ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಕೊಂಡಿರಿ, ನಿಂತಿದ್ಯಾ ಅಂತ ಐದೈದು ನಿಮಿಷಕ್ಕೆ ತೆಗೆದು ನೋಡ್ಬೇಡಿ, ಹಾಗೆ ಮಾಡಿದಾಗೆಲ್ಲ ಕಟ್ಟಿದ ಹೆಪ್ಪು ಕಿತ್ಬರತ್ತೆ. ಎಂಜಲಲ್ಲಿ ನಸುಗೆಂಪು ಬಣ್ಣ ಮೊದಲ ದಿನ ಇದ್ದೇ ಇರತ್ತೆ, ಉಗುಳ್ಬೇಡಿ, ನುಂಗಿ. ಮೊದಲ 24 ಗಂಟೆ ಬಾಯಿ ಮುಕ್ಕಳಿಸ್ಬೇಡಿ, ಸ್ಟ್ರಾ ಹಾಕಿ ಕುಡೀಬೇಡಿ, ಸಿಗರೇಟು ಕನಿಷ್ಠ ಎರಡು ಮೂರು ದಿನ ಮುಟ್ಲೇಬೇಡಿ. ಕೆನ್ನೆ ಮೇಲೆ ಬಟ್ಟೇಲಿ ಸುತ್ತಿದ ಐಸ್ 15–20 ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ. ನೋವಿನ ಮಾತ್ರೆ ಮರಗಟ್ಟಿದ್ದು ಬಿಡೋಕೆ ಮುಂಚೇನೇ ತಗೊಳ್ಳಿ, ಬಿಟ್ಮೇಲೆ ತಗೊಂಡ್ರೆ ಹಿಡಿಯೋಕೆ ಟೈಮ್ ಬೇಕು, ಯಾವುದು ಎಷ್ಟು ಅಂತ ಡಾಕ್ಟ್ರು ಬರೆದ ಹಾಗೇನೇ, ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರೋರು ಐಬುಪ್ರೊಫೆನ್ ಜಾತಿಯದನ್ನ ತಾವೇ ತಗೋಬಾರ್ದು. ಮಾರನೇ ದಿನದಿಂದ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಊಟ ಆದ್ಮೇಲೆಲ್ಲ ನಿಧಾನಕ್ಕೆ ಬಾಯಲ್ಲಿ ಆಡಿಸಿ ಬಿಡಿ. ಬುದ್ಧಿ ಹಲ್ಲಿನ ಸರ್ಜರಿ ಆದ್ಮೇಲೆ ಊತ ಎರಡು ಮೂರನೇ ದಿನಕ್ಕೇ ಹೆಚ್ಚು, ಮೊದಲ ದಿನಕ್ಕಿಂತ ಜಾಸ್ತಿ ಆಯ್ತಲ್ಲ ಅಂತ ಗಾಬರಿ ಆಗ್ಬೇಡಿ, ಆಮೇಲೆ ಇಳಿಯತ್ತೆ.

ಇಳಿಯೋ ಬದ್ಲು ಮೂರನೇ ದಿನದ ಹೊತ್ತಿಗೆ ಕಿವಿ ತನಕ ಎಳೆಯೋ ಹೊಸ ನೋವು, ಬಾಯಿಂದ ಕೆಟ್ಟ ವಾಸನೆ ಬಂದ್ರೆ ಅದು ಡ್ರೈ ಸಾಕೆಟ್, ಹೆಪ್ಪು ಹೋಗಿ ಒಳಗಿನ ಮೂಳೆ ಬರಿದಾಗಿರತ್ತೆ, ಸಿಗರೇಟು ಸೇದೋರಿಗೆ ಜಾಸ್ತಿ. ಮನೇಲಿ ಏನೂ ಹಾಕೋಕೆ ಹೋಗ್ಬೇಡಿ, ಡಾಕ್ಟ್ರು ತೊಳೆದು ಔಷಧಿ ಇಟ್ರೆ ಅವತ್ತೇ ಎಷ್ಟೋ ಸಮಾಧಾನ ಆಗತ್ತೆ.

ಊತ ದವಡೆ ಕೆಳಗೆ, ಕುತ್ತಿಗೆಗೆ ಇಳೀತಿದೆ, ನುಂಗೋಕೆ ಆಗ್ತಿಲ್ಲ, ಉಸಿರು ಕಟ್ಟಿದ ಹಾಗಿದೆ, ನಾಲಿಗೆ ಮೇಲಕ್ಕೆ ಎತ್ತಿದ ಹಾಗಾಗಿದೆ, ಜ್ವರ ಇದೆ ಅಂದ್ರೆ ಡೆಂಟಲ್ ಕ್ಲಿನಿಕ್ ತೆಗೆಯೋ ತನಕ ಕಾಯ್ಬೇಡಿ, ಆಗಿಂದಾಗ್ಲೇ ದೊಡ್ಡ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ. ಹಲ್ಲಿನ ಸೋಂಕು ಪ್ರಾಣಕ್ಕೇ ಕುತ್ತು ತರೋದು ಈ ದಾರೀಲೇ.

ಹೋದ ಹಲ್ಲಿನ ಜಾಗಕ್ಕೆ ಏನು

ಖಾಲಿ ಬಿಟ್ರೆ ಪಕ್ಕದ ಹಲ್ಲುಗಳು ಆ ಕಡೆ ವಾಲತ್ತೆ, ಎದುರಿನ ಹಲ್ಲು ಉದ್ದಕ್ಕೆ ಇಳಿಯತ್ತೆ, ಅಲ್ಲಿನ ಮೂಳೆ ನಿಧಾನಕ್ಕೆ ಕರಗತ್ತೆ. ಕೊಟ್ಟಕೊನೇ ಹಲ್ಲಾದ್ರೆ ಬಿಟ್ರೂ ನಡಿಯತ್ತೆ ಅಂತ ಕೆಲವೊಮ್ಮೆ ಡಾಕ್ಟ್ರೇ ಹೇಳ್ತಾರೆ.

ಬ್ರಿಡ್ಜ್‌ನಲ್ಲಿ ಎರಡೂ ಪಕ್ಕದ ಹಲ್ಲು ತಿಕ್ಕಿ ಕ್ಯಾಪ್ ಹಾಕಿ ನಡುವೆ ಸುಳ್ಳು ಹಲ್ಲು ಕೂರಿಸ್ತಾರೆ. ಆ ಪಕ್ಕದ ಹಲ್ಲುಗಳಿಗೆ ಈಗಾಗ್ಲೇ ದೊಡ್ಡ ಫಿಲ್ಲಿಂಗ್ ಇದ್ದು ಹೇಗಿದ್ರೂ ಕ್ಯಾಪ್ ಬೇಕಿದ್ರೆ ಬ್ರಿಡ್ಜ್ ಒಳ್ಳೇದೇ, ಒಂದು ಹುಳುಕೂ ಇಲ್ಲದ ಹಲ್ಲನ್ನ ಇದಕ್ಕೋಸ್ಕರ ತಿಕ್ಕೋದು ಮಾತ್ರ ನನಗೆ ಮನಸ್ಸಿಗೆ ಒಪ್ಪಲ್ಲ.

ಇಂಪ್ಲಾಂಟ್ ಅಂದ್ರೆ ಮೂಳೆಯೊಳಗೆ ಹಾಕೋ ಟೈಟಾನಿಯಂ ಸ್ಕ್ರೂ, ಅದ್ರ ಮೇಲೆ ಅಬಟ್‌ಮೆಂಟ್ ಅನ್ನೋ ಕೊಂಡಿ, ಅದ್ರ ಮೇಲೆ ಕ್ಯಾಪ್. ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೊನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೇಲಿ ಟೈಟಾನಿಯಂ ಕೊಳವೆ ಇಟ್ಟು ಬೇರೆ ಏನೋ ಅಧ್ಯಯನ ಮಾಡ್ತಿದ್ರು, ಮುಗಿದ್ಮೇಲೆ ತೆಗೆಯೋಕೆ ಹೋದ್ರೆ ಮೂಳೆ ಅದಕ್ಕೆ ಬೆಸ್ಕೊಂಡ್ಬಿಟ್ಟಿತ್ತು. ಅಲ್ಲಿಂದ ಶುರುವಾಗಿ 1965ರಲ್ಲಿ ಮೊದಲ ಸಲ ಮನುಷ್ಯರಿಗೆ ಹಾಕಿದ್ರು. ಇವತ್ತಿಗೂ ಆ ಬೆಸೆಯೋ ಕೆಲಸಾನೇ ಜೀವಾಳ, ಅದಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಒಂದೇ ದಿನದಲ್ಲಿ ಹಲ್ಲು ಅನ್ನೋ ಜಾಹೀರಾತು ನೋಡಿರ್ತೀರ, ಅವತ್ತು ಹಾಕೋದು ಹೆಚ್ಚಾಗಿ ಟೆಂಪರರಿ, ಅದೂ ಮೂಳೆ ಚೆನ್ನಾಗಿದ್ರೆ ಮಾತ್ರ. ಮೂಳೆ ಕಮ್ಮಿ ಇದ್ರೆ ಮೊದಲು ಮೂಳೆ ಕಸಿ, ಮೇಲಿನ ದವಡೇಲಿ ಸೈನಸ್ ಲಿಫ್ಟ್ (ದವಡೆ ಮೇಲಿರೋ ಗಾಳಿಗೂಡಿನ ಪೊರೆ ಎತ್ತಿ ಕೆಳಗೆ ಮೂಳೆ ತುಂಬೋದು), ಆಗ ಇನ್ನೂ ತಿಂಗಳುಗಳು ಸೇರತ್ತೆ. ಕಂಟ್ರೋಲಲ್ಲಿಲ್ಲದ ಶುಗರ್, ಸಿಗರೇಟು, ವಾಸಿ ಆಗದ ಒಸಡಿನ ರೋಗ, ಈ ಮೂರೂ ಇಂಪ್ಲಾಂಟ್‌ಗೆ ಶತ್ರು. ಇಂಪ್ಲಾಂಟ್‌ಗೆ ಹುಳುಕು ಹಿಡಿಯಲ್ಲ, ಆದ್ರೆ ಸುತ್ತಲಿನ ಒಸಡು, ಮೂಳೆಗೆ ಸೋಂಕು ಆಗತ್ತೆ, ನರ ಇಲ್ಲದ್ರಿಂದ ಆಗಿದ್ದು ಬೇಗ ಗೊತ್ತಾಗಲ್ಲ, ರಕ್ತ ಬಂದ್ರೆ ಹೋಗಿ ತೋರಿಸಿ.

ತುಂಬ ಹಲ್ಲು ಹೋಗಿದ್ರೆ ತೆಗೆದು ಹಾಕೋ ಸೆಟ್ಟು ಇದೆ, ಕೆಳಗಿನ ಸೆಟ್ಟು ಜಾರತ್ತೆ ಅನ್ನೋರಿಗೆ ಎರಡು ಇಂಪ್ಲಾಂಟ್ ಹಾಕಿ ಅದಕ್ಕೆ ಕ್ಲಿಪ್ ಮಾಡಿದ್ರೂ ದೊಡ್ಡ ವ್ಯತ್ಯಾಸ ಆಗತ್ತೆ. ರಾತ್ರಿ ತೆಗೆದು ನೀರಲ್ಲಿಟ್ಟು ಮಲಗಿ.

ಒಸಡಿನ ಸರ್ಜರಿ

ಹಲ್ಲಿಗೂ ಒಸಡಿಗೂ ಮಧ್ಯದ ಸಂದಿನ ಆಳ ಚಿಕ್ಕ ಕಡ್ಡಿ ಹಾಕಿ ಅಳೀತಾರೆ, 3 ಮಿಲಿಮೀಟರ್ ಒಳಗಿದ್ರೆ ಸರಿ. ಆಳ ಇದ್ರೆ ಮೊದಲು ಒಸಡಿನ ಕೆಳಗಿನ ಡೀಪ್ ಕ್ಲೀನಿಂಗ್, ಕೆಲವು ವಾರ ಬಿಟ್ಟು ಮತ್ತೆ ಅಳತೆ, ಆಗ್ಲೂ 5 ಮಿಲಿಮೀಟರ್‌ಗಿಂತ ಆಳ ಉಳಿದು ರಕ್ತ ಬರ್ತಿದ್ರೆ ಫ್ಲಾಪ್ ಸರ್ಜರಿ, ಅಂದ್ರೆ ಒಸಡು ಬಿಡಿಸಿ ಒಳಗೆ ಕ್ಲೀನ್ ಮಾಡಿ ಹೊಲಿಯೋದು. ಕ್ಲೀನಿಂಗ್ ಮಾಡ್ದೆ, ಅಳೀದೆ ನೇರವಾಗಿ ಸರ್ಜರಿ ಅಂದ್ರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಆದ್ಮೇಲೆ ಊತ ಇಳಿದು ಹಲ್ಲು ಸ್ವಲ್ಪ ಉದ್ದ ಕಾಣತ್ತೆ, ಜುಮ್ಮನ್ನತ್ತೆ, ಇದನ್ನ ಮುಂಚೆ ಹೇಳಿರಲ್ಲ ಅಂದ್ರೆ ಜನ ಹಲ್ಲೇ ಹಾಳಾಯ್ತು ಅಂದ್ಕೋತಾರೆ.

ಪೆಟ್ಟು ಬಿದ್ದು ಹಲ್ಲೇ ಕಿತ್ತು ಬಂದ್ರೆ

ಇಲ್ಲಿ ನಿಮಿಷಗಳ ಲೆಕ್ಕ. ಹಲ್ಲನ್ನ ಮೇಲಿನ ಬಿಳಿ ಭಾಗದಲ್ಲೇ ಹಿಡೀರಿ, ಬೇರು ಮುಟ್ಬೇಡಿ, ಬೇರಿನ ಮೇಲೆ ಅಂಟಿರೋ ತೆಳು ಪೊರೆಯ ಜೀವಕೋಶ ಬದುಕಿದ್ರೇನೇ ಹಲ್ಲು ಮತ್ತೆ ಹಿಡ್ಕೊಳ್ಳೋದು. ಮಣ್ಣಾಗಿದ್ರೆ ಹಾಲಿನಲ್ಲೋ ಸಲೈನ್‌ನಲ್ಲೋ ಒಂದ್ಸಲ ಮೆಲ್ಲಗೆ ಅದ್ದಿ, ಉಜ್ಜಬೇಡಿ, ಸೋಪು ಬೇಡ. ಸಾಧ್ಯ ಆದ್ರೆ ಅಲ್ಲೇ ಗುಳಿಯೊಳಗೆ ಸರಿಯಾದ ದಿಕ್ಕಿಗೆ ಕೂರಿಸಿ ಬಟ್ಟೆ ಕಚ್ಚಿಸಿ ಓಡಿ. ಧೈರ್ಯ ಬರ್ಲಿಲ್ಲ ಅಂದ್ರೆ ತಣ್ಣನೆ ಹಾಲಲ್ಲಿ ಮುಳುಗಿಸಿ ತಗೊಂಡ್ಹೋಗಿ, ಬರೀ ನೀರಲ್ಲಿ ಇಡ್ಬೇಡಿ, ಟಿಶ್ಯೂಲಿ ಸುತ್ತಿ ಒಣಗಿಸ್ಲೇಬೇಡಿ. ಅರ್ಧ ಗಂಟೆಯೊಳಗೆ ಡಾಕ್ಟ್ರ ಹತ್ರ ತಲುಪಿದ್ರೆ ಒಳ್ಳೆ ಅವಕಾಶ, ಒಂದು ಗಂಟೆ ಒಣಗಿದ್ರೆ ಆ ಕೋಶಗಳು ಬದುಕಿರಲ್ಲ, ಆದ್ರೂ ಹಲ್ಲು ಎಸೀದೆ ತಗೊಂಡೇ ಹೋಗಿ. ಇದೆಲ್ಲ ಕಾಯಂ ಹಲ್ಲಿಗೆ ಮಾತ್ರ, ಹಾಲು ಹಲ್ಲನ್ನ ವಾಪಸ್ ಕೂರಿಸ್ಬಾರ್ದು, ಕೆಳಗೆ ಬೆಳೀತಿರೋ ಹೊಸ ಹಲ್ಲಿಗೆ ಪೆಟ್ಟಾಗತ್ತೆ.

ಹಾಕಿದ ಕ್ಯಾಪ್ ಕಳಚಿ ಬಿದ್ರೂ ಅದನ್ನ ಎಸೀಬೇಡಿ, ತೊಳೆದು ಡಬ್ಬೀಲಿ ಹಾಕಿಡಿ, ಮನೇಲಿರೋ ಸೂಪರ್ ಗ್ಲೂ ಹಾಕಿ ಅಂಟಿಸ್ಕೋಬೇಡಿ, ಆ ಕಡೆ ಅಗಿಯೋದು ನಿಲ್ಸಿ ಒಂದೆರಡು ದಿನದೊಳಗೆ ತೋರಿಸಿ. ಒಳಗಿನ ಹಲ್ಲು ಗಟ್ಟಿಯಾಗಿದ್ರೆ ಎಷ್ಟೋ ಸಲ ಅದೇ ಕ್ಯಾಪ್‌ನ ಕ್ಲೀನ್ ಮಾಡಿ ಮತ್ತೆ ಸಿಮೆಂಟ್ ಹಾಕಿ ಕೂರಿಸ್ತಾರೆ, ಒಳಗೆ ಕೊಳೆತಿದ್ರೆ ಮಾತ್ರ ಹೊಸದು ಬೇಕಾಗತ್ತೆ.